ಒಂದೇ ನಕ್ಷತ್ರ, ಎರಡು ಅರ್ಥ: ನಂಪೈನ ‘ಮ್ಯಾಟ್ರಿಕ್ಸ್’ಗೆ ನಿವೃತ್ತಿ ಕೊಡುವುದು ಏಕೆ ಇಷ್ಟು ನಿಧಾನ?

ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಮಷಿನ್ ಲರ್ನಿಂಗ್ ಲ್ಯಾಬ್‌ಗಳಲ್ಲಿ ಒಂದು ಪ್ರೋಗ್ರಾಂ ಹಲವು ವರ್ಷಗಳಿಂದ ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಿಂದ ಜೂನಿಯರ್‌ಗಳ ರೆಕಾರ್ಡ್ ಪುಸ್ತಕಕ್ಕೆ ಇಳಿದು ಬಂದಿದೆ. ಹೋಟೆಲಿನ ಬಿಲ್ ಎಷ್ಟಾಯಿತು, ಗಿರಾಕಿ ಟಿಪ್ಸ್ ಎಷ್ಟು ಕೊಟ್ಟ ಎಂಬ ವಿವರಗಳಿರುವ 244 ಸಾಲುಗಳ ಕಡತವನ್ನು ಓದಿ, ಆ ಬಿಂದುಗಳಿಗೆ ಹೊಂದುವ ಬಾಗುರೇಖೆಯನ್ನು ಎಳೆಯುವ ‘ಲೋಕಲಿ ವೆಯ್ಟೆಡ್ ರಿಗ್ರೆಶನ್’ ಎಂಬ ಪ್ರಯೋಗ ಅದು. 2024ರ ಜೂನ್‌ನಲ್ಲಿ ನಂಪೈ ಲೈಬ್ರರಿಯ 2.0 ಆವೃತ್ತಿ ಬಂದ ಮೇಲೆ, ಹೊಸದಾಗಿ ಸಜ್ಜುಗೊಳಿಸಿದ ಕಂಪ್ಯೂಟರಿನಲ್ಲಿ ಇದನ್ನೇ ಓಡಿಸಿದವರಿಗೆ ಬಾಗುರೇಖೆಯ ಬದಲು ಒಂದು ದೋಷಸಂದೇಶ ಸಿಗುತ್ತದೆ: ‘ಮ್ಯಾಟ್’ ಎಂಬ ಹೆಸರನ್ನು 2.0ರಲ್ಲಿ ತೆಗೆಯಲಾಗಿದೆ, ಬದಲಿಗೆ ‘ಆಸ್‌ಮ್ಯಾಟ್ರಿಕ್ಸ್’ ಬಳಸಿ.

ಹೇಳಿದಂತೆ ಒಂದು ಪದ ಬದಲಿಸಿದರೆ ಪ್ರೋಗ್ರಾಂ ಮತ್ತೆ ಓಡುತ್ತದೆ, ಅಂದಿನ ಲ್ಯಾಬ್ ಮುಗಿಯುತ್ತದೆ. ಆದರೆ ತೆಗೆದದ್ದು ಒಂದು ಅಡ್ಡಹೆಸರನ್ನು ಮಾತ್ರ. ಆ ಹೆಸರಿನ ಹಿಂದಿದ್ದ ‘ಮ್ಯಾಟ್ರಿಕ್ಸ್’ ಎಂಬ ಡೇಟಾ ಟೈಪ್ 2018ರಿಂದಲೂ ‘ಮುಂದೊಂದು ದಿನ ಹೋಗಬಹುದು’ ಎಂಬ ನೋಟಿಸಿನ ಅಡಿಯಲ್ಲಿದೆ, 2.0ರಂಥ ದೊಡ್ಡ ಬದಲಾವಣೆಯಲ್ಲೂ ಅದನ್ನು ತೆಗೆಯಲಿಲ್ಲ. ಬೇಡವೆಂದು ಎಲ್ಲರೂ ಒಪ್ಪಿದ ವಸ್ತುವೊಂದನ್ನು ಇಷ್ಟು ವರ್ಷ ಏಕೆ ಇಟ್ಟುಕೊಳ್ಳಬೇಕಾಯಿತು ಎಂಬುದನ್ನು ಅರ್ಥ ಮಾಡಿಕೊಂಡರೆ, ಸಾಫ್ಟ್‌ವೇರಿನಲ್ಲಿ ‘ಡೆಪ್ರಿಕೇಶನ್’ ಎಂದು ಕರೆಯುವ ಕೆಲಸದ ಸ್ವರೂಪ ತಿಳಿಯುತ್ತದೆ.

ಲೈಬ್ರರಿ ಮತ್ತು ಡೇಟಾ ಟೈಪ್

ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದು, ಪರೀಕ್ಷಿಸಿ, ಎಲ್ಲರ ಬಳಕೆಗೆ ಬಿಟ್ಟಿರುವ ಸಿದ್ಧ ಸಂಕೇತಗಳ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ. ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ದೊಡ್ಡ ಪಟ್ಟಿ, ಕೋಷ್ಟಕಗಳೊಡನೆ ಲೆಕ್ಕ ಮಾಡುವವರೆಲ್ಲರೂ ನೇರವಾಗಿಯೋ ಪರೋಕ್ಷವಾಗಿಯೋ ಬಳಸುವ ಲೈಬ್ರರಿ ನಂಪೈ. ಟ್ರಾವಿಸ್ ಆಲಿಫಂಟ್ ಅವರು ಅದಕ್ಕೂ ಹಿಂದಿನ ಎರಡು ಲೈಬ್ರರಿಗಳನ್ನು ಒಂದುಗೂಡಿಸಿ ರೂಪಿಸಿದ ಇದರ 1.0 ಆವೃತ್ತಿ 2006ರಲ್ಲಿ ಬಂತು. ಸೈಪೈ, ಪಾಂಡಾಸ್, ಸೈಕಿಟ್-ಲರ್ನ್ ಮುಂತಾದ ಲೈಬ್ರರಿಗಳು ನಿಂತಿರುವುದು ಇದರ ಹೆಗಲ ಮೇಲೆ.

ಇನ್ನು ಡೇಟಾ ಟೈಪ್. ‘ಐದು’ ಎಂಬುದು ಐದು ಲೀಟರ್ ಹಾಲಾಗಬಹುದು, ಐದನೇ ಕ್ರಾಸ್ ಆಗಬಹುದು. ಹಾಲಿನ ಐದಕ್ಕೆ ಮತ್ತೆ ಐದನ್ನು ಕೂಡಿಸಬಹುದು. ಕ್ರಾಸಿನ ಐದಕ್ಕೆ ಕೂಡಿಸಿದರೆ ಅರ್ಥವಿಲ್ಲ. ಒಂದು ಮೌಲ್ಯ ಯಾವ ಜಾತಿಯದು, ಅದರ ಮೇಲೆ ಯಾವ ಕ್ರಿಯೆಗಳು ನಡೆಯುತ್ತವೆ, ಆ ಕ್ರಿಯೆಗಳಿಗೆ ಅರ್ಥವೇನು ಎಂದು ಕಂಪ್ಯೂಟರಿಗೆ ತಿಳಿಸುವ ಕಟ್ಟಳೆಯೇ ಡೇಟಾ ಟೈಪ್. ಇಲ್ಲಿ ಮುಖ್ಯವಾದದ್ದು ಕೊನೆಯ ಮಾತು. ಒಂದೇ ಚಿಹ್ನೆಗೆ ಎರಡು ಟೈಪ್‌ಗಳಲ್ಲಿ ಬೇರೆ ಬೇರೆ ಅರ್ಥ ಇರಬಹುದು.

ನಕ್ಷತ್ರದ ತಕರಾರು

ನಂಪೈಯಲ್ಲಿ ಕೋಷ್ಟಕವನ್ನು ಹಿಡಿದಿಡಲು ಎರಡು ಟೈಪ್‌ಗಳಿವೆ. ಒಂದು ‘ಅರೇ’, ಇನ್ನೊಂದು ‘ಮ್ಯಾಟ್ರಿಕ್ಸ್’, ಅಂದರೆ ಪಿಯುಸಿ ಗಣಿತದಲ್ಲಿ ನಾವು ಓದಿದ ಮಾತೃಕೆ. ಮೊದಲ ಸಾಲಿನಲ್ಲಿ 1, 2 ಮತ್ತು ಎರಡನೆಯ ಸಾಲಿನಲ್ಲಿ 3, 4 ಇರುವ ಕೋಷ್ಟಕವೊಂದನ್ನು, 5, 6 ಮತ್ತು 7, 8 ಇರುವ ಇನ್ನೊಂದು ಕೋಷ್ಟಕದೊಡನೆ ನಕ್ಷತ್ರ ಚಿಹ್ನೆ (*) ಬಳಸಿ ಗುಣಿಸೋಣ.

ಎರಡೂ ಅರೇ ಆಗಿದ್ದರೆ ಒಂದೇ ಜಾಗದಲ್ಲಿರುವ ಸಂಖ್ಯೆಗಳು ಜೋಡಿಯಾಗಿ ಗುಣಿಸಲ್ಪಡುತ್ತವೆ. ಉತ್ತರ: 5, 12 ಮತ್ತು 21, 32. ಅಂಗಡಿಯಲ್ಲಿ ಪ್ರತಿ ಸಾಮಾನಿನ ದರವನ್ನು ಅದರದರ ತೂಕದಿಂದ ಗುಣಿಸಿ ಬರೆದಂತೆ.

ಎರಡೂ ಮ್ಯಾಟ್ರಿಕ್ಸ್ ಆಗಿದ್ದರೆ ಮೊದಲನೆಯದರ ಅಡ್ಡಸಾಲನ್ನು ಎರಡನೆಯದರ ಕಂಬಸಾಲಿನೊಡನೆ ಗುಣಿಸಿ ಕೂಡಿಸುವ ಮಾತೃಕಾ ಗುಣಾಕಾರ ನಡೆಯುತ್ತದೆ. 1×5 ಮತ್ತು 2×7 ಸೇರಿ 19. ಹೀಗೆಯೇ ಮುಂದುವರಿದು 19, 22 ಮತ್ತು 43, 50.

ಸಂಖ್ಯೆಗಳು ಅವೇ, ಚಿಹ್ನೆ ಅದೇ, ಉತ್ತರ ಬೇರೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಆದುದರಿಂದ ಹಳೆಯ ಪ್ರೋಗ್ರಾಮಿನಲ್ಲಿ ‘ಮ್ಯಾಟ್ರಿಕ್ಸ್’ ಎಂದಿರುವ ಕಡೆಯಲ್ಲೆಲ್ಲ ‘ಅರೇ’ ಎಂದು ಬದಲಿಸಿಬಿಟ್ಟರೆ ಅಪಾಯ ಎರಡು ಬಗೆಯಲ್ಲಿ ಬರುತ್ತದೆ. ಕೋಷ್ಟಕಗಳ ಅಳತೆ ಹೊಂದದಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ದೂರು ಹೇಳುತ್ತದೆ. ಇದು ಒಳ್ಳೆಯ ಅಪಾಯ, ಏಕೆಂದರೆ ಕಣ್ಣಿಗೆ ಕಾಣುತ್ತದೆ. ಅಳತೆ ಹೊಂದಿದ್ದರೆ, ಉದಾಹರಣೆಗೆ ಎರಡೂ ಚೌಕಾಕಾರದ ಕೋಷ್ಟಕಗಳಾಗಿದ್ದರೆ, ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಓಡಿ 19ರ ಬದಲು 5 ಎಂದು ಹೇಳಿ ಸುಮ್ಮನಾಗುತ್ತದೆ. ಈ ಸದ್ದಿಲ್ಲದ ತಪ್ಪಿನ ಭಯವೇ ಇಡೀ ಯೋಜನೆಯನ್ನು ನಿಧಾನಗೊಳಿಸಿರುವುದು.

ಬೇಕಾಗಿದ್ದದ್ದು ಬೇಡವಾದ ಬಗೆ

ಮ್ಯಾಟ್ರಿಕ್ಸ್ ಟೈಪ್ ತಪ್ಪಿನಿಂದ ಹುಟ್ಟಿದ್ದಲ್ಲ. ಮ್ಯಾಟ್‌ಲ್ಯಾಬ್ ಎಂಬ ತಂತ್ರಾಂಶದಲ್ಲಿ ನಕ್ಷತ್ರ ಎಂದರೆ ಮಾತೃಕಾ ಗುಣಾಕಾರವೇ; ಜಾಗಕ್ಕೆ ಜಾಗ ಗುಣಿಸಬೇಕಿದ್ದರೆ ನಕ್ಷತ್ರಕ್ಕೆ ಮೊದಲು ಚುಕ್ಕಿ ಇಡಬೇಕು. ಅಲ್ಲಿಂದ ಪೈಥಾನ್‌ಗೆ ಬಂದವರಿಗೆ ಅದೇ ಅನುಕೂಲ ಬೇಕಿತ್ತು. ಅರೇ ಬಳಸುವವರು ಮಾತೃಕಾ ಗುಣಾಕಾರಕ್ಕೆ ‘ಡಾಟ್’ ಎಂಬ ಫಂಕ್ಷನ್ ಕರೆಯಬೇಕಿತ್ತು. ನಾಲ್ಕು ಮಾತೃಕೆಗಳನ್ನು ಗುಣಿಸುವ ಒಂದು ಸಾಧಾರಣ ಸೂತ್ರವನ್ನು ಬರೆಯಲು ಆವರಣದೊಳಗೆ ಆವರಣ ಇಟ್ಟು, ಕೊನೆಗೆ ಎಷ್ಟು ಮುಚ್ಚಬೇಕೆಂದು ಬೆರಳಲ್ಲಿ ಎಣಿಸುವ ಸ್ಥಿತಿ. ಮ್ಯಾಟ್ರಿಕ್ಸ್ ಇದ್ದರೆ ಪುಸ್ತಕದಲ್ಲಿರುವಂತೆಯೇ ಸೂತ್ರ ಬರೆಯಬಹುದಿತ್ತು. ವಿಲೋಮ ಬೇಕಿದ್ದರೆ ಹೆಸರಿನ ಮುಂದೆ ಚುಕ್ಕಿ ಇಟ್ಟು ‘ಐ’ ಎಂದು ಬರೆದರೆ ಸಾಕಿತ್ತು.

ತೊಂದರೆ ಇದ್ದದ್ದು ಒಳಗಿನ ರಚನೆಯಲ್ಲಿ. ಮ್ಯಾಟ್ರಿಕ್ಸ್ ಅನ್ನು ಅರೇಯ ಉಪವರ್ಗವಾಗಿ, ಅಂದರೆ ಅದರ ಮಗುವಾಗಿ ಕಟ್ಟಲಾಗಿತ್ತು. ಉಪವರ್ಗದ ನಿಯಮವೇನೆಂದರೆ, ಅಪ್ಪ ನಡೆಯುವ ಕಡೆ ಮಗನೂ ನಡೆಯಬೇಕು. ಈ ಮಗನಾದರೋ ನಕ್ಷತ್ರದ ಅರ್ಥವನ್ನೇ ಬದಲಿಸಿದ್ದ. ಜೊತೆಗೆ ಅವನದೊಂದು ಹಟವಿತ್ತು: ಮ್ಯಾಟ್ರಿಕ್ಸ್ ಯಾವಾಗಲೂ ಅಡ್ಡಸಾಲು-ಕಂಬಸಾಲುಗಳ ಎರಡು ಆಯಾಮದಲ್ಲೇ ಇರುತ್ತದೆ. ಅರೇಯಿಂದ ಒಂದು ಸಾಲನ್ನು ತೆಗೆದುಕೊಂಡರೆ ಬರಿಯ ಪಟ್ಟಿ ಸಿಗುತ್ತದೆ. ಮ್ಯಾಟ್ರಿಕ್ಸ್‌ನಿಂದ ತೆಗೆದುಕೊಂಡರೆ ಒಂದೇ ಸಾಲಿನ ಮತ್ತೊಂದು ಮ್ಯಾಟ್ರಿಕ್ಸ್ ಸಿಗುತ್ತದೆ. ಅರೇ ಬರುತ್ತದೆ ಎಂದು ನಂಬಿ ಬರೆದ ಫಂಕ್ಷನ್‌ಗೆ ಮ್ಯಾಟ್ರಿಕ್ಸ್ ಬಂದಾಗ ಅದು ಎಲ್ಲಿ ಎಡವುತ್ತದೆಂದು ಹೇಳಲಾಗದು. ಹೀಗಾಗಿ ಲೈಬ್ರರಿ ಬರೆಯುವವರು ಎಲ್ಲೆಡೆ ‘ಬಂದದ್ದು ಮ್ಯಾಟ್ರಿಕ್ಸೇ?’ ಎಂದು ವಿಚಾರಿಸುತ್ತಾ ಕೂರಬೇಕಾಯಿತು.

ಪರಿಹಾರ ಬಂದದ್ದು ನಂಪೈಯಿಂದಲ್ಲ, ಪೈಥಾನ್ ಭಾಷೆಯಿಂದಲೇ. ಮಾತೃಕಾ ಗುಣಾಕಾರಕ್ಕೆಂದೇ ಒಂದು ಪ್ರತ್ಯೇಕ ಚಿಹ್ನೆ ಬೇಕೆಂದು ನಥಾನಿಯಲ್ ಸ್ಮಿತ್ ಅವರು 2014ರಲ್ಲಿ ಪ್ರಸ್ತಾವ ಮಂಡಿಸಿದರು. ಇಮೇಲ್ ವಿಳಾಸದಲ್ಲಿ ನಾವೆಲ್ಲ ಬಳಸುವ ಆ್ಯಟ್ ಚಿಹ್ನೆ (@) ಈ ಕೆಲಸಕ್ಕೆ ನೇಮಕವಾಗಿ, 2015ರ ಸೆಪ್ಟೆಂಬರ್‌ನಲ್ಲಿ ಬಂದ ಪೈಥಾನ್ 3.5ರಲ್ಲಿ ಸೇರಿತು. ಅಲ್ಲಿಗೆ ಮ್ಯಾಟ್ರಿಕ್ಸ್ ಟೈಪ್ ಇರಬೇಕಾದ ಮುಖ್ಯ ಕಾರಣವೇ ಹೋಯಿತು. ಆದರೆ ಹಳೆಯ ಪೈಥಾನ್ 2ರಲ್ಲಿ ಈ ಚಿಹ್ನೆ ಇರಲಿಲ್ಲ. ಎರಡೂ ಪೈಥಾನ್‌ಗಳಲ್ಲಿ ಓಡಬೇಕಾದ ಲೈಬ್ರರಿಗಳು ಅದನ್ನು ಬಳಸುವಂತಿರಲಿಲ್ಲ. ಪೈಥಾನ್ 2ಕ್ಕೆ ಬೆಂಬಲವಿದ್ದ ಕೊನೆಯ ನಂಪೈ ಸರಣಿ 2019ರ ಜನವರಿಯ 1.16. ಬದಲಿ ವ್ಯವಸ್ಥೆ ಸಿದ್ಧವಾಗಿದ್ದರೂ ಅದು ಎಲ್ಲರ ಕೈಗೆ ಎಟುಕಲು ಮತ್ತೆ ನಾಲ್ಕು ವರ್ಷ ಬೇಕಾಯಿತು.

ಆಣೆಯಿಂದ ನಯಾ ಪೈಸೆಗೆ

ಡೆಪ್ರಿಕೇಶನ್ ಎಂದರೆ ಅಳಿಸುವುದಲ್ಲ. ಅಳಿಸುವ ದಿನದವರೆಗಿನ ದಾರಿ. ನಮ್ಮ ದೇಶದಲ್ಲೇ ಇಂಥದೊಂದು ದೊಡ್ಡ ಬದಲಾವಣೆ ನಡೆದಿದೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. ಅಂದಿನಿಂದ ರೂಪಾಯಿಗೆ 100 ಪೈಸೆಯಾಯಿತು. ಹಳೆಯ ನಾಣ್ಯಗಳನ್ನು ಮರುದಿನವೇ ಅಮಾನ್ಯ ಮಾಡಲಿಲ್ಲ. ಎರಡೂ ಕೆಲವು ಕಾಲ ಒಟ್ಟಿಗೆ ಚಲಾವಣೆಯಲ್ಲಿದ್ದವು. ನಾಲ್ಕಾಣೆ ಸರಿಯಾಗಿ 25 ಪೈಸೆ, ಎಂಟಾಣೆ 50 ಪೈಸೆ. ಆದರೆ ಒಂದಾಣೆ ಎಂದರೆ ಆರೂಕಾಲು ಪೈಸೆ, ಅಂಥ ನಾಣ್ಯವಿಲ್ಲ. ಎಲ್ಲ ಪರಿವರ್ತನೆಯಲ್ಲೂ ಹೀಗೆ ನೇರವಾಗಿ ಹೊಂದುವ ಭಾಗವೊಂದು, ಹೊಂದದೆ ಉಳಿಯುವ ಚಿಲ್ಲರೆ ಒಂದು ಇದ್ದೇ ಇರುತ್ತದೆ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಹೆಸರಿನ ಸಂಗತಿ. ಹಳೆಯ ಪೈಸೆ ರೂಪಾಯಿಯ 64ನೇ ಒಂದು ಭಾಗ, ಹೊಸದು 100ನೇ ಒಂದು ಭಾಗ. ಎರಡಕ್ಕೂ ಪೈಸೆ ಎಂದೇ ಕರೆದಿದ್ದರೆ ಸಂತೆಯಲ್ಲಿ ಜಗಳವಾಗುತ್ತಿತ್ತು. ಅದಕ್ಕೆಂದೇ ಹೊಸದನ್ನು ‘ನಯಾ ಪೈಸೆ’ ಎಂದು ಕರೆದರು. ಹಳೆಯದರ ನೆನಪು ಮಾಸಿದ ಮೇಲೆ, 1964ರ ಜೂನ್ 1ರಿಂದ, ‘ನಯಾ’ ಎಂಬುದನ್ನು ಕೈಬಿಟ್ಟರು. ಇರುವ ಹೆಸರಿನ ಅರ್ಥವನ್ನು ಬದಲಿಸದೆ ಹೊಸ ಅರ್ಥಕ್ಕೆ ಹೊಸ ಹೆಸರು ಕೊಟ್ಟ ಈ ಕ್ರಮವನ್ನೇ ಮುಂದೆ ಸೈಪೈಯಲ್ಲಿಯೂ ಕಾಣುತ್ತೇವೆ. (25 ಪೈಸೆಯ ನಾಣ್ಯ 2011ರಲ್ಲಿ ಅಮಾನ್ಯವಾಗುವವರೆಗೂ ನಮ್ಮಲ್ಲಿ ಅದನ್ನು ನಾಲ್ಕಾಣೆ ಎನ್ನುತ್ತಿದ್ದವರು ಇದ್ದರು ಎಂಬುದು ಬೇರೆ ಮಾತು.)

ಎಚ್ಚರಿಕೆಯ ಮೆಟ್ಟಿಲುಗಳು

ಪೈಥಾನ್‌ನಲ್ಲಿ ಈ ದಾರಿಗೆ ಮೆಟ್ಟಿಲುಗಳಿವೆ. ಮೊದಲನೆಯದು ‘ಪೆಂಡಿಂಗ್ ಡೆಪ್ರಿಕೇಶನ್’ ಎಚ್ಚರಿಕೆ: ಮುಂದೆ ಇದನ್ನು ಬಿಡಬೇಕೆಂದಿದ್ದೇವೆ ಎಂಬ ಸೂಚನೆ. ಇದು ಸಾಮಾನ್ಯ ಬಳಕೆದಾರರ ಪರದೆಯ ಮೇಲೆ ಕಾಣುವುದೇ ಇಲ್ಲ. ಎಚ್ಚರಿಕೆಗಳನ್ನು ಬೇಕೆಂದೇ ತೆರೆದಿಟ್ಟುಕೊಂಡವರಿಗೆ ಮಾತ್ರ ಕಾಣುತ್ತದೆ. ಎರಡನೆಯದು ‘ಡೆಪ್ರಿಕೇಶನ್’ ಎಚ್ಚರಿಕೆ. ಪೈಥಾನ್ 3.7ರಿಂದ ಇದು ನೀವೇ ನೇರವಾಗಿ ಓಡಿಸುವ ಪ್ರೋಗ್ರಾಮಿನಲ್ಲಿ ಹಳೆಯ ವಸ್ತು ಬಳಕೆಯಾಗಿದ್ದರೆ ಕಾಣುತ್ತದೆ, ನೀವು ಬಳಸಿದ ಲೈಬ್ರರಿಯ ಹೊಟ್ಟೆಯೊಳಗೆ ಬಳಕೆಯಾಗಿದ್ದರೆ ಕಾಣದು. ನೀವು ಸರಿಪಡಿಸಲಾಗದ ತಪ್ಪಿಗೆ ನಿಮ್ಮನ್ನು ಬೈದು ಫಲವಿಲ್ಲ ಎಂಬುದು ಇದರ ಹಿಂದಿನ ನ್ಯಾಯ. ಕೊನೆಯ ಮೆಟ್ಟಿಲು ತೆಗೆದುಹಾಕುವುದು. ನಂಪೈ ಬಳಗದ ಲಿಖಿತ ನೀತಿಯ ಪ್ರಕಾರ ಎರಡನೆಯ ಮೆಟ್ಟಿಲಿಗೂ ಕೊನೆಯದಕ್ಕೂ ನಡುವೆ ಕನಿಷ್ಠ ಎರಡು ಆವೃತ್ತಿಗಳ, ಅಂದರೆ ಸುಮಾರು ಒಂದು ವರ್ಷದ ಅಂತರ ಇರಬೇಕು.

ಈ ಮೆಟ್ಟಿಲುಗಳನ್ನು ಚುರುಕಾಗಿ ಇಳಿದವರೂ ಇದ್ದಾರೆ. ನಂಪೈಯದೇ ‘ಎನ್‌ಪಿ.ಫ್ಲೋಟ್’ ಎಂಬ ಹೆಸರಿಗೆ 2021ರ ಜನವರಿಯ 1.20 ಆವೃತ್ತಿಯಲ್ಲಿ ಎಚ್ಚರಿಕೆ ಬಂತು, 2022ರ ಡಿಸೆಂಬರ್‌ನ 1.24ರಲ್ಲಿ ಅದು ಹೋಯಿತು. ಅದು ಪೈಥಾನ್‌ನ ಸ್ವಂತ ದಶಾಂಶ ಸಂಖ್ಯೆಯ ಟೈಪ್ ಆದ ‘ಫ್ಲೋಟ್’ಗೆ ಇನ್ನೊಂದು ಹೆಸರು ಅಷ್ಟೇ ಆಗಿತ್ತು. ಆ ಸಲವೂ ಎಷ್ಟೋ ಹಳೆಯ ಪ್ರೋಗ್ರಾಂಗಳು ನಿಂತವು, ಆದರೆ ಸದ್ದು ಮಾಡಿಯೇ ನಿಂತವು. ಮೊದಲಿನ ‘ಎನ್‌ಪಿ.’ ಅಳಿಸಿದರೆ ಸರಿಹೋಗುತ್ತಿತ್ತು. ಪಾಂಡಾಸ್ ಲೈಬ್ರರಿಯಲ್ಲಿದ್ದ ಮೂರು ಆಯಾಮಗಳ ‘ಪ್ಯಾನೆಲ್’ ಎಂಬ ಟೈಪ್‌ನ ಕತೆ ಇನ್ನೂ ಸ್ವಾರಸ್ಯದ್ದು. ಪಾಂಡಾಸ್ ಎಂಬ ಹೆಸರು ಬಂದಿರುವುದೇ ‘ಪ್ಯಾನೆಲ್ ಡೇಟಾ’ ಎಂಬ ಮಾತಿನಿಂದ. ಆದರೂ 2017ರಲ್ಲಿ ಅದಕ್ಕೆ ಎಚ್ಚರಿಕೆ ಹಾಕಿ, 2019ರ ಆವೃತ್ತಿಯೊಂದರಲ್ಲಿ ತೆಗೆದರು. ಅಂಥ ದತ್ತಾಂಶ ಇದ್ದವರಿಗೆ ‘ಎಕ್ಸ್‌ಅರೇ’ ಎಂಬ ಬೇರೆ ಲೈಬ್ರರಿಯನ್ನು ಮೊದಲೇ ತೋರಿಸಿಕೊಟ್ಟಿದ್ದರು.

ಮ್ಯಾಟ್ರಿಕ್ಸ್ ಮೊದಲ ಮೆಟ್ಟಿಲಿನಲ್ಲೇ ನಿಂತದ್ದೇಕೆ?

ಕಾರಣ ಸೈಪೈಯಲ್ಲಿದೆ. ಒಂದು ಲಕ್ಷ ಸಾಲು, ಒಂದು ಲಕ್ಷ ಕಂಬಗಳ ಕೋಷ್ಟಕವನ್ನು ಊಹಿಸಿಕೊಳ್ಳಿ: 1000 ಕೋಟಿ ಮನೆಗಳು. ಮನೆಗೆ 8 ಬೈಟ್‌ನಂತೆ 80 ಗಿಗಾಬೈಟ್ ಜಾಗ ಬೇಕು. ಯಾವ ಪುಟದಿಂದ ಯಾವ ಪುಟಕ್ಕೆ ಕೊಂಡಿ ಇದೆ, ಯಾವ ದಾಖಲೆಯಲ್ಲಿ ಯಾವ ಪದ ಬಂದಿದೆ ಎಂಬಂಥ ಕೋಷ್ಟಕಗಳಲ್ಲಿ ಬಹುಪಾಲು ಮನೆಗಳು ಸೊನ್ನೆಯಾಗಿರುತ್ತವೆ. ಸೊನ್ನೆಯಲ್ಲದವನ್ನು ಮಾತ್ರ ಅವುಗಳ ವಿಳಾಸದೊಡನೆ ಬರೆದಿಟ್ಟರೆ ಅಷ್ಟು ಜಾಗ ಬೇಕಿಲ್ಲ. ಇವು ‘ಸ್ಪಾರ್ಸ್’, ಅಂದರೆ ವಿರಳ ಕೋಷ್ಟಕಗಳು. ಸೈಪೈ ಇವುಗಳಿಗೆ ಟೈಪ್‌ಗಳನ್ನು ಕಟ್ಟಿದಾಗ ಮಾದರಿಯಾಗಿ ತೆಗೆದುಕೊಂಡದ್ದು ಮ್ಯಾಟ್ರಿಕ್ಸ್ ಅನ್ನು. ಅಲ್ಲಿಯೂ ನಕ್ಷತ್ರ ಎಂದರೆ ಮಾತೃಕಾ ಗುಣಾಕಾರ, ಅಲ್ಲಿಯೂ ಎರಡೇ ಆಯಾಮ. ಅಷ್ಟೇ ಅಲ್ಲ, ವಿರಳ ಕೋಷ್ಟಕದ ಸಾಲುಗಳನ್ನು ಕೂಡಿಸಿದರೆ ಕೈಗೆ ಬರುವುದು ನಂಪೈಯ ಮ್ಯಾಟ್ರಿಕ್ಸೇ. ಅಂದರೆ ಮ್ಯಾಟ್ರಿಕ್ಸ್ ಎಂಬ ಪದವನ್ನೇ ಬರೆಯದವರ ಪ್ರೋಗ್ರಾಮಿನಲ್ಲೂ ಅದು ಹಿತ್ತಲ ಬಾಗಿಲಿನಿಂದ ಬಂದು ಕೂತಿರುತ್ತಿತ್ತು.

ನಂಪೈ ಇದನ್ನು ತೆಗೆದರೆ ಸೈಪೈ ಮುರಿಯುತ್ತದೆ; ಸೈಪೈ ಮುರಿದರೆ ಅದರ ಮೇಲಿರುವುದೆಲ್ಲ ಮುರಿಯುತ್ತದೆ. ಆದುದರಿಂದ ನಿವೃತ್ತಿಯ ಕ್ರಮ ಮೇಲಂತಸ್ತಿನಿಂದ ಕೆಳಕ್ಕೆ ಬರಬೇಕಾಯಿತು. ಸೈಕಿಟ್-ಲರ್ನ್ 2021ರ ತನ್ನ 1.0 ಆವೃತ್ತಿಯಲ್ಲಿ ಮ್ಯಾಟ್ರಿಕ್ಸ್ ಕೊಟ್ಟರೆ ಎಚ್ಚರಿಸತೊಡಗಿ, 1.2ರಿಂದ ದೋಷವೆಂದೇ ನಿಲ್ಲಿಸಿತು. ಜಾಲಗಳ ಲೆಕ್ಕಕ್ಕೆ ಬಳಸುವ ನೆಟ್‌ವರ್ಕ್‌ಎಕ್ಸ್ 2023ರ 3.0 ಆವೃತ್ತಿಯಲ್ಲಿ ಮ್ಯಾಟ್ರಿಕ್ಸ್ ಹಿಂದಿರುಗಿಸುವ ತನ್ನ ಫಂಕ್ಷನ್ ಅನ್ನು ತೆಗೆಯಿತು. ಸೈಪೈ ಮಾತ್ರ ನಯಾ ಪೈಸೆಯ ದಾರಿ ಹಿಡಿಯಿತು. ವಿರಳ ಕೋಷ್ಟಕಗಳ ‘ಸಿಎಸ್ಆರ್_ಮ್ಯಾಟ್ರಿಕ್ಸ್’ ಎಂಬ ಹಳೆಯ ಟೈಪ್ ಅನ್ನು ಮುಟ್ಟದೆ, ಅದರ ಪಕ್ಕದಲ್ಲಿ ‘ಸಿಎಸ್ಆರ್_ಅರೇ’ ಎಂಬ ಹೊಸದನ್ನು 2022ರ ಫೆಬ್ರವರಿಯ 1.8 ಆವೃತ್ತಿಯಲ್ಲಿ ಇಟ್ಟಿತು. ಹಳೆಯ ಹೆಸರಿನ ನಕ್ಷತ್ರ ಹಳೆಯ ಅರ್ಥದಲ್ಲೇ, ಹೊಸ ಹೆಸರಿನದು ಹೊಸ ಅರ್ಥದಲ್ಲಿ.

ಎರಡು ಸುತ್ತಿನ ಬದಲಾವಣೆ

ಹಳೆಯ ಪ್ರೋಗ್ರಾಂ ಇಟ್ಟುಕೊಂಡವರಿಗೆ ಸೈಪೈ ಕೊಟ್ಟಿರುವ ಮಾರ್ಗದರ್ಶಿ, ನನ್ನ ಮಟ್ಟಿಗೆ, ಈ ಇಡೀ ಯೋಜನೆಯ ಅತ್ಯಂತ ಜಾಣ ಭಾಗ. ಟೈಪ್ ಅನ್ನೂ ಚಿಹ್ನೆಯನ್ನೂ ಒಟ್ಟಿಗೆ ಬದಲಿಸಬೇಡಿ ಎನ್ನುತ್ತದೆ ಅದು.

ಮೊದಲ ಸುತ್ತಿನಲ್ಲಿ ಟೈಪ್ ಹಳೆಯದೇ ಇರಲಿ. ಮಾತೃಕಾ ಗುಣಾಕಾರವಿರುವ ನಕ್ಷತ್ರಗಳನ್ನು ಮಾತ್ರ ಆ್ಯಟ್ ಚಿಹ್ನೆಗೆ ಬದಲಿಸಿ. ಆ್ಯಟ್‌ಗೆ ಹಳೆಯ ಟೈಪ್‌ನಲ್ಲೂ ಹೊಸ ಟೈಪ್‌ನಲ್ಲೂ ಅರ್ಥ ಒಂದೇ. ಆದುದರಿಂದ ಈ ಸುತ್ತು ಮುಗಿದಾಗ ಉತ್ತರಗಳು ಒಂದಿಷ್ಟೂ ಬದಲಾಗಬಾರದು. ಬದಲಾದರೆ ತಪ್ಪು ಈಗ ಮಾಡಿದ ತಿದ್ದುಪಡಿಯಲ್ಲೇ ಇದೆ ಎಂದು ಖಚಿತ. ಎರಡನೆಯ ಸುತ್ತಿನಲ್ಲಿ ಟೈಪ್ ಬದಲಿಸಿ. ಅಷ್ಟು ಹೊತ್ತಿಗೆ ಎರಡು ಅರ್ಥದ ಮಾತುಗಳು ಪ್ರೋಗ್ರಾಮಿನಲ್ಲಿ ಉಳಿದಿರುವುದಿಲ್ಲ.

ಮೊದಲ ಸುತ್ತನ್ನು ‘ಹುಡುಕಿ ಬದಲಿಸು’ ಗುಂಡಿ ಒತ್ತಿ ಮುಗಿಸಲಾಗದು. ಕೋಷ್ಟಕವನ್ನು 2ರಿಂದ ಗುಣಿಸುವ ಕಡೆ ನಕ್ಷತ್ರವೇ ಇರಬೇಕು. ಅಲ್ಲಿ ಆ್ಯಟ್ ಹಾಕಿದರೆ ದೋಷ ಬರುತ್ತದೆ. ಘಾತದ ಎರಡು ನಕ್ಷತ್ರಗಳಿಗೂ (**) ಅರ್ಥ ಬದಲಾಗುವುದರಿಂದ, ಅಲ್ಲಿ ಮಾತೃಕಾ ಘಾತದ ಫಂಕ್ಷನ್ ಬರೆಯಬೇಕು. ಯಾವ ನಕ್ಷತ್ರ ಎಂಥದೆಂದು ಕಣ್ಣಿನಿಂದ ತಿಳಿಯದ ಕಡೆ, ಎರಡು ಕೋಷ್ಟಕಗಳ ನಡುವೆ ನಕ್ಷತ್ರ ಬಂದೊಡನೆ ದೋಷ ಎಸೆಯುವಂತೆ ಟೈಪ್ ಅನ್ನು ತಾತ್ಕಾಲಿಕವಾಗಿ ತಿದ್ದಿ, ಪರೀಕ್ಷೆಗಳನ್ನು ಓಡಿಸುವ ಉಪಾಯವೂ ಆ ಮಾರ್ಗದರ್ಶಿಯಲ್ಲಿದೆ. ಸದ್ದಿಲ್ಲದ ತಪ್ಪಿಗೆ ಬೇಕೆಂದೇ ಗಂಟೆ ಕಟ್ಟುವ ಕೆಲಸವಿದು.

ಲ್ಯಾಬ್ ಪ್ರೋಗ್ರಾಮಿಗೆ ಅನ್ವಯಿಸಿದರೆ

ಟಿಪ್ಸ್ ಕಡತದ ಪ್ರೋಗ್ರಾಮಿಗೂ ಇದೇ ಕ್ರಮ ಸಾಕು. ‘ಆಸ್‌ಮ್ಯಾಟ್ರಿಕ್ಸ್’ ಹಾಕಿ ಅದನ್ನು ಮೊದಲು ಓಡುವಂತೆ ಮಾಡಿ, ಬಂದ 244 ಅಂದಾಜು ಬೆಲೆಗಳನ್ನು ಒಂದು ಕಡತದಲ್ಲಿ ಉಳಿಸಿಕೊಳ್ಳಬೇಕು. ನಂತರ ಯಾವ ಬಿಂದುವಿಗೆ ಎಷ್ಟು ಮಹತ್ವ ಎಂದು ಹೇಳುವ ತೂಕಗಳನ್ನು ಕಂಡುಹಿಡಿಯುವ ಸಾಲಿನಲ್ಲೂ, ಅಂತಿಮ ಸೂತ್ರದಲ್ಲೂ ಇರುವ ಮಾತೃಕಾ ಗುಣಾಕಾರದ ನಕ್ಷತ್ರಗಳನ್ನು ಆ್ಯಟ್ ಮಾಡಬೇಕು. ಘಾತಾಂಕದ ಛೇದದಲ್ಲಿ ಬರುವ 2.0ರ ಮುಂದಿನ ನಕ್ಷತ್ರ ಬರಿಯ ಸಂಖ್ಯೆಗಳ ಗುಣಾಕಾರವಾದುದರಿಂದ ಅದನ್ನು ಹಾಗೆಯೇ ಬಿಡಬೇಕು. ವಿಲೋಮದ ‘ಐ’ ಜಾಗಕ್ಕೆ ‘ಲಿನ್‌ಆಲ್ಗ್’ ವಿಭಾಗದ ‘ಇನ್ವ್’ ಫಂಕ್ಷನ್ ಬರಬೇಕು. ಉತ್ತರಗಳು ಉಳಿಸಿಕೊಂಡವುಗಳಿಗೆ ಹೊಂದಿದರೆ ಮೊದಲ ಸುತ್ತು ಮುಗಿಯಿತು.

ಎರಡನೆಯ ಸುತ್ತಿನಲ್ಲಿ ಸುಲಭವಾಗಿ ಎಡವುವ ಒಂದು ಜಾಗವಿದೆ, ಅದೂ ಗುಣಾಕಾರದಲ್ಲಿ ಅಲ್ಲ. ಬರೀ 1 ಎಂಬ ಸಂಖ್ಯೆಯಿರುವ ಕಂಬಸಾಲನ್ನೂ ಬಿಲ್ಲಿನ ಕಂಬಸಾಲನ್ನೂ ಅಕ್ಕಪಕ್ಕ ಜೋಡಿಸಲು ಆ ಪ್ರೋಗ್ರಾಂ ‘ಎಚ್‌ಸ್ಟ್ಯಾಕ್’ ಬಳಸುತ್ತದೆ. ಮ್ಯಾಟ್ರಿಕ್ಸ್‌ಗಳಾಗಿದ್ದಾಗ ಎರಡು ಆಯಾಮದ ಹಟದಿಂದಾಗಿ 244 ಸಾಲು, 2 ಕಂಬಗಳ ಕೋಷ್ಟಕ ಸಿಗುತ್ತಿತ್ತು. ಈಗ ಅವು ಒಂದೇ ಆಯಾಮದ ಅರೇಗಳು. ಅಕ್ಕಪಕ್ಕ ನಿಲ್ಲುವ ಬದಲು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು 488 ಸಂಖ್ಯೆಗಳ ಉದ್ದನೆಯ ಪಟ್ಟಿಯಾಗುತ್ತದೆ. ಅಲ್ಲಿ ‘ಕಾಲಮ್_ಸ್ಟ್ಯಾಕ್’ ಎಂದು ಬರೆದರೆ 244 ಸಾಲು, 2 ಕಂಬಗಳು ಮತ್ತೆ ಸಿಗುತ್ತವೆ. ಉಳಿಸಿಟ್ಟ 244 ಬೆಲೆಗಳನ್ನು ‘ಆಲ್‌ಕ್ಲೋಸ್’ ಫಂಕ್ಷನ್‌ನಿಂದ ಹೊಸವುಗಳೊಡನೆ ಹೋಲಿಸಿ ನೋಡಿ, ಹೊಂದಿದರೆ ಹಳೆಯ ಕಡತವನ್ನು ಅಳಿಸಬಹುದು.